ಕ್ವಾರಿಯ ನೀರಿಗೆ ಇಳಿದ ಎರಡು ದಿನ

'ಮೇ ಕೊನೆಯ ವೀಕೆಂಡ್. ಸ್ಟೋನಿ ಕೋವ್. ಡೈವಿಂಗ್. ಯಾರ್ಯಾರು ಬರ್ತೀರಿ?'

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದಾವಣಗೆರೆ ಹೀಗೆ ಹಾಕಿದ ಕೂಡಲೇ ಹಿಂದೆಮುಂದೆ ನೋಡದೆ ಹೆಬ್ಬೆರಳು ಎತ್ತಿಬಿಟ್ಟೆ. ಕೋವ್ ಅಂದರೆ ಕಡಲಿನ ಸಣ್ಣ ಕೊಲ್ಲಿ ತಾನೇ? ಒಂದಿಷ್ಟು ಮರಳು, ಅಲೆ, ದೂರದಲ್ಲೊಂದು ದೋಣಿ ಅಂತ ಮನಸ್ಸಿನಲ್ಲೇ ಚಿತ್ರ ಬರೆದುಕೊಂಡೆ. ರಾತ್ರಿ ಮಲಗುವ ಮುಂಚೆ ಮ್ಯಾಪ್ ತೆರೆದು ನೋಡಿದರೆ ಜಾಗ ಇರೋದು ಇಂಗ್ಲೆಂಡಿನ ನಟ್ಟನಡುವೆ, ಲೆಸ್ಟರ್‌ಶೈರ್‌ನಲ್ಲಿ. ಯಾವ ಕಡೆ ಹೋದರೂ ಸಮುದ್ರ ದೂರ. ಫೋಟೊ ದೊಡ್ಡದು ಮಾಡಿ ನೋಡಿದೆ. ಸುತ್ತ ಕಡಿದಾದ ಕಲ್ಲಿನ ಗೋಡೆ, ನಡುವೆ ಕಪ್ಪು ಹಸಿರು ನೀರು.

ಇದನ್ನು ನಾನು ಎಲ್ಲಿ ನೋಡಿದರೂ ಗುರುತು ಹಿಡಿಯುತ್ತೇನೆ.

"ಲೋ, ಇದು ಕ್ವಾರಿ ಕಣೋ" ಅಂತ ಫೋನ್ ಮಾಡಿದೆ.

"ಹೌದಲೇ, ಕ್ವಾರಿನೇ. ಅದಕ್ಕೇನೀಗ? ಇಲ್ಲಿ ಅರ್ಧ ದೇಶ ಡೈವಿಂಗ್ ಕಲಿಯೋದು ಕ್ವಾರಿಯೊಳಗೇ" ಅಂದ ದಾವಣಗೆರೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ನಮ್ಮ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಉಳಿದಿರಲಿಲ್ಲ. ಊರಿನ ಹೆಸರೇ ಹೆಸರು. ಹಾಸನ, ದಾವಣಗೆರೆ, ನಾನು ಬಳ್ಳಾಪುರ. ಚಿಕ್ಕಬಳ್ಳಾಪುರ ಅನ್ನೋಕೆ ಉದ್ದ ಆಗುತ್ತೆ ಅಂತ ಅರ್ಧಕ್ಕೆ ಕತ್ತರಿಸಿದ್ದರು. ಕೆಲಸದ ಮೇಲೆ ಮೂವರೂ ಈಗ ಬ್ರಿಟನ್ನಿನಲ್ಲಿದ್ದೇವೆ, ಬೇರೆ ಬೇರೆ ಊರುಗಳಲ್ಲಿ. ಹೆಸರು ಮಾತ್ರ ಅದೇ.

ಡೈವಿಂಗ್ ನನಗೆ ಹೊಸದಲ್ಲ. ಬೆಂಗಳೂರಿನಲ್ಲಿದ್ದಾಗ ಆಫೀಸಿನವರ ಜತೆ ಮುರ್ಡೇಶ್ವರಕ್ಕೆ ಹೋಗಿ, ದೋಣಿಯಲ್ಲಿ ನೇತ್ರಾಣಿ ದ್ವೀಪ ತಲುಪಿ, ಇನ್‌ಸ್ಟ್ರಕ್ಟರ್ ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡಿದ್ದಾಗ ಮೊದಲ ಸಲ ನೀರಿನೊಳಗೆ ಉಸಿರಾಡಿದ್ದೆ. ಅದರ ಹುಚ್ಚು ಹತ್ತಿ ಮರುವರ್ಷ ಹಾಸನದವನೂ ನಾನೂ ಪುದುಚೇರಿಯಲ್ಲಿ ಓಪನ್ ವಾಟರ್ ಕೋರ್ಸ್ ಮುಗಿಸಿದೆವು. 18 ಮೀಟರ್ ಆಳದವರೆಗೆ ಜತೆಗಾರನೊಂದಿಗೆ ಇಳಿಯಬಹುದು ಅನ್ನೋ ಕಾರ್ಡು ಪರ್ಸಿನಲ್ಲಿದೆ.

ಆದರೆ ಅದು ಸಮುದ್ರ. ಕ್ವಾರಿಯ ನೀರಿಗೆ ನಾನು ಯಾವತ್ತೂ ಇಳಿದಿರಲಿಲ್ಲ. ಇಳಿಯಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ.

ನಮ್ಮೂರಿನ ಹೊಂಡ

ನಮ್ಮೂರಿನ ಆಚೆ ಒಂದು ಕಲ್ಲುಕ್ವಾರಿ ಇತ್ತು. ನಾನು ಚಿಕ್ಕವನಿದ್ದಾಗ ಮಧ್ಯಾಹ್ನದ ಹೊತ್ತು ಮದ್ದು ಸಿಡಿಸಿದರೆ ನಮ್ಮ ಮನೆಯ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಆಮೇಲೆ ಕೆಲಸ ನಿಂತಿತು. ಲಾರಿಗಳು ಬರೋದು ನಿಂತವು. ಮಳೆ ನೀರು, ಬಂಡೆಯ ಸಂದಿನ ಒಸರು ಎಲ್ಲ ಸೇರಿ ನಾಲ್ಕು ವರ್ಷದಲ್ಲಿ ಹೊಂಡ ತುಂಬಿತು. ಬೇಲಿ ಇರಲಿಲ್ಲ, ಬೋರ್ಡೂ ಇರಲಿಲ್ಲ.

ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆ ರಜೆ. ಚಿಕ್ಕಪ್ಪನ ಮಗ ನನಗಿಂತ ಎರಡು ವರ್ಷ ದೊಡ್ಡವನು, ನಾನು ಅಣ್ಣ ಅಂತಿದ್ದೆ. ಅವನೂ ಅವನ ಇಬ್ಬರು ಸ್ನೇಹಿತರೂ ಈಜೋಕೆ ಹೊರಟರು. ನನಗೆ ಈಜು ಬರುತ್ತಿರಲಿಲ್ಲ. ಬಟ್ಟೆ, ಚಪ್ಪಲಿ ಕಾಯೋ ಕೆಲಸ ನನ್ನದು.

ಅಣ್ಣ ನಡುವಿನವರೆಗೂ ಹೋದ. ಅಲ್ಲಿಂದ ಒಂದು ಕೈ ಎತ್ತಿದ. 'ನೋಡೋ ಎಲ್ಲಿವರೆಗೆ ಬಂದೆ' ಅಂತ ತೋರಿಸುತ್ತಿದ್ದಾನೆ ಅಂದುಕೊಂಡೆ. ನಾನೂ ಕೈ ಎತ್ತಿದೆ, ನಕ್ಕೆ. ಆಮೇಲೆ ಅವನು ಕಾಣಲಿಲ್ಲ. ಮುಳುಗಿ ಇನ್ನೊಂದು ಕಡೆ ಏಳುತ್ತಾನೆ ಅಂತ ಕಾದೆ.

ಅಗ್ನಿಶಾಮಕ ದಳದವರು ಸಂಜೆ ಅವನನ್ನು ಮೇಲೆ ತಂದರು.

ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅವನು ಕೂಗಲಿಲ್ವಾ?" ಕೂಗಲಿಲ್ಲ ಅಂದೆ. ಅದು ನಿಜ. ಕೈ ಎತ್ತಿದ್ದನ್ನು ಹೇಳಲಿಲ್ಲ. ಚಿಕ್ಕಮ್ಮ ಆಮೇಲೂ ಎಷ್ಟೋ ಸಲ ಕೇಳಿದರು. ಹಬ್ಬದಲ್ಲಿ, ಮದುವೆ ಮನೆಯಲ್ಲಿ, ಯಾವುದೋ ಮಾತಿನ ನಡುವೆ ಇದ್ದಕ್ಕಿದ್ದ ಹಾಗೆ. ನಾನು ಪ್ರತಿ ಸಲವೂ ಅದೇ ಉತ್ತರ ಕೊಟ್ಟೆ.

ಪುದುಚೇರಿಯ ಕೋರ್ಸಿನ ಎರಡನೇ ದಿನ ಇನ್‌ಸ್ಟ್ರಕ್ಟರ್ ಕೈಸನ್ನೆಗಳನ್ನು ಹೇಳಿಕೊಟ್ಟರು. ನೀರಿನ ಮೇಲೆ ತೇಲುತ್ತಿದ್ದಾಗ ಎಲ್ಲ ಸರಿ ಇದೆ ಅನ್ನಲು ಕೈಯನ್ನು ತಲೆಯ ಮೇಲಿಡಬೇಕು, ಅಥವಾ ಎರಡೂ ಕೈ ಸೇರಿಸಿ ತಲೆಯ ಮೇಲೆ ದೊಡ್ಡ ಸೊನ್ನೆ ಮಾಡಬೇಕು. "ಯಾವ ಕಾರಣಕ್ಕೂ ಸುಮ್ಮನೆ ಕೈ ಬೀಸಬೇಡಿ. ನೀರಿನಲ್ಲಿ ಕೈ ಎತ್ತಿ ಬೀಸಿದರೆ ಅದರ ಅರ್ಥ ಒಂದೇ: ನನ್ನನ್ನು ಕಾಪಾಡಿ" ಅಂದರು. ಆ ಮಧ್ಯಾಹ್ನ ನಾನು ಊಟಕ್ಕೆ ಹೋಗಲಿಲ್ಲ. ಬಿಸಿಲು ಜಾಸ್ತಿಯಾಗಿ ತಲೆನೋವು ಅಂತ ಹಾಸನದವನಿಗೆ ಹೇಳಿದೆ.

ಹೀಗಾಗಿ ಸ್ಟೋನಿ ಕೋವ್‌ನ ಫೋಟೊ ನೋಡಿ ಎರಡು ದಿನ ಸುಮ್ಮನಿದ್ದೆ. ಬರಲ್ಲ ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ, ಹೋಗಿ ದಡದಲ್ಲಾದರೂ ನಿಲ್ಲೋಣ ಅಂತ ಹೊರಟೆ. ಬಟ್ಟೆ ಕಾಯೋದು ನನಗೆ ಹೊಸ ಕೆಲಸ ಅಲ್ಲವಲ್ಲ.

ಪಂಪು ನಿಲ್ಲಿಸಿದ ಮೇಲೆ

ಹಿಂಕ್ಲಿ ಅನ್ನೋ ಊರಿನ ಒಂದು ಸಾಧಾರಣ ಹೋಟೆಲಿನಲ್ಲಿ ಶುಕ್ರವಾರ ರಾತ್ರಿ ಸೇರಿದೆವು. ಅಲ್ಲಿಂದ ಸ್ಟೋನಿ ಸ್ಟ್ಯಾಂಟನ್ ಹಳ್ಳಿ ಹತ್ತಿರ. ಹೆಸರಿನಲ್ಲೇ ಕಲ್ಲಿದೆ. ಶನಿವಾರ ಬೆಳಿಗ್ಗೆ ನಾವು ಹೋಗೋ ಹೊತ್ತಿಗೆ ಕಾರ್ ಪಾರ್ಕು ಅರ್ಧ ತುಂಬಿತ್ತು. ಡಿಕ್ಕಿ ತೆರೆದುಕೊಂಡು, ಮಳೆ ಹನಿಯುತ್ತಿದ್ದರೂ ಬೆತ್ತಲೆ ಬೆನ್ನಿನಲ್ಲಿ ನಿಂತು ರಬ್ಬರ್ ಸೂಟಿನ ಜತೆ ಗುದ್ದಾಡುತ್ತಿರೋ ಜನ. ಅಜ್ಜ, ಮಗ, ಮೊಮ್ಮಗಳು ಮೂರು ತಲೆಮಾರು ಒಟ್ಟಿಗೆ ಬಂದ ಕುಟುಂಬವೂ ಇತ್ತು.

ಇಲ್ಲಿ 19ನೇ ಶತಮಾನದ ಆರಂಭದಿಂದ ಗ್ರಾನೈಟ್ ತೆಗೆಯುತ್ತಿದ್ದರಂತೆ. ಕಲ್ಲು ಸಾಗಿಸಲು ರೈಲು ಹಳಿಯನ್ನೇ ಹಾಕಿದ್ದರು. ಬಂಡೆಯ ಸಂದಿಯಿಂದ ಒರತೆ ನೀರು ಸದಾ ನುಗ್ಗುತ್ತಿದ್ದರಿಂದ ಪಂಪುಗಳು ಒಂದೇ ಸಮ ಓಡುತ್ತಿರಬೇಕಿತ್ತು. 1958ರಲ್ಲಿ ಗಣಿ ಕೆಲಸ ನಿಂತಿತು, ಪಂಪೂ ನಿಂತಿತು, ಹೊಂಡ ತುಂಬಿತು. ನಮ್ಮೂರಿನ ಕಥೆಯೇ. ಅಲ್ಲಿಂದ ಮುಂದೆ ಮಾತ್ರ ದಾರಿ ಬೇರೆಯಾಯಿತು. 1960, 70ರ ದಶಕಗಳಲ್ಲಿ ಉತ್ತರ ಸಮುದ್ರದ ತೈಲ ಬಾವಿಗಳಲ್ಲಿ ದುಡಿಯುವ ಡೈವರ್‌ಗಳಿಗೆ ಇಲ್ಲೇ ತರಬೇತಿ ಕೊಟ್ಟರು. ಆಮೇಲೆ ಇದು ಹವ್ಯಾಸಿ ಡೈವರ್‌ಗಳ ಜಾಗವಾಯಿತು.

ಕಲ್ಲು ತೆಗೆದ ರೀತಿಯೇ ಇವತ್ತು ಅನುಕೂಲವಾಗಿದೆ. ಕ್ವಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ. ಹಾಗಾಗಿ ನೀರಿನೊಳಗೆ ಸುಮಾರು ಆರೇಳು ಮೀಟರ್ ಆಳಕ್ಕೊಂದು ಕಟ್ಟೆ, 20 ಮೀಟರ್ ಆಸುಪಾಸಿನಲ್ಲಿ ಇನ್ನೊಂದು, ಎಲ್ಲಕ್ಕಿಂತ ಕೆಳಗೆ 35 ಮೀಟರ್ ದಾಟಿದ ಗುಂಡಿ. ಹೊಸಬರು ಮೇಲಿನ ಕಟ್ಟೆಯಲ್ಲಿ, ಪಳಗಿದವರು ಕೆಳಗೆ. ಬರೀ ಕಲ್ಲು ನೋಡೋದು ಬೇಜಾರು ಅಂತ ಒಳಗೆ ಏನೇನೋ ಮುಳುಗಿಸಿಟ್ಟಿದ್ದಾರೆ. ವೈಕೌಂಟ್ ವಿಮಾನದ ಕಾಕ್‌ಪಿಟ್, ನಾಟಿಲಸ್ ಹೆಸರಿನ ಪುಟ್ಟ ಸಬ್‌ಮರೀನ್ ಮಾದರಿ, ಮತ್ತೆ 2000ದಲ್ಲಿ ಬೇಕಂತಲೇ ಮುಳುಗಿಸಿದ ಸ್ಟೇನ್‌ಗಾರ್ತ್ ಅನ್ನೋ ಹಳೆಯ ಟಗ್ ದೋಣಿ.

ನಮಗೆ ಗೈಡ್ ಆಗಿ ಬಂದವರು ಅರವತ್ತು ದಾಟಿದ ಇನ್‌ಸ್ಟ್ರಕ್ಟರ್ ಆಂಟಿ. ಆ ಸೀಮೆಯವರು ಎಲ್ಲರನ್ನೂ 'ಮಿ ಡಕ್' ಅಂತ ಕರೀತಾರೆ, ನಮ್ಮ ಕಡೆ 'ಕಂದಾ' ಅಂದ ಹಾಗೆ. ನೀರಿಗೆ ಇಳಿಯೋ ಮೂವರನ್ನು ಬಾತುಕೋಳಿ ಅಂದಿದ್ದು ಸರಿಯಾಗೇ ಇದೆ ಅಂತ ಹಾಸನದವನು ನಕ್ಕಿದ್ದೇ ನಕ್ಕಿದ್ದು.

ನಾನು ಆಕೆಗೆ ಒಂದೇ ಮಾತು ಹೇಳಿದೆ. "ಚಿಕ್ಕವನಿದ್ದಾಗ ಕ್ವಾರಿಯಲ್ಲಿ ಒಬ್ಬರು ಮುಳುಗಿದ್ದನ್ನು ನೋಡಿದ್ದೇನೆ. ಇಳಿಯುತ್ತೇನೋ ಇಲ್ಲವೋ ಗೊತ್ತಿಲ್ಲ." ಗೆಳೆಯರಿಗೆ ಹೇಳಲಾಗದ್ದನ್ನು ಅರ್ಧ ಗಂಟೆ ಹಿಂದೆ ಪರಿಚಯವಾದವರಿಗೆ ಹೇಗೆ ಹೇಳಿದೆನೋ. ಆಕೆ ಸಮಾಧಾನ ಮಾಡಲು ಹೋಗಲಿಲ್ಲ. "ಸೂಟ್ ಹಾಕ್ಕೋ. ಮೊಣಕಾಲುದ್ದ ನೀರಿಗೆ ಬಾ. ಅಲ್ಲಿ ನಿಂತು ಕೇಳ್ತೀನಿ. ಬೇಡ ಅಂದರೆ ಇಬ್ಬರೂ ವಾಪಸ್ ಬಂದು ಟೀ ಕುಡಿಯೋಣ" ಅಂದರು.

ಶನಿವಾರ: ಸೀಸದ ಲೆಕ್ಕ

ಪುದುಚೇರಿಯಲ್ಲಿ ಮೂರು ಮಿಲಿಮೀಟರ್ ದಪ್ಪದ ಸೂಟು ಸಾಕಿತ್ತು. ಇಲ್ಲಿ ಏಳು ಮಿಲಿಮೀಟರ್. ಜತೆಗೆ ತಲೆಗೆ ಕುಲಾವಿ ಥರದ ಹುಡ್, ಕೈಗೆ ಗ್ಲೌಸು, ಕಾಲಿಗೆ ಬೂಟು. ಆ ಸೂಟಿನೊಳಗೆ ನುಗ್ಗೋದು ಅಂದರೆ ತೂತು ಚಿಕ್ಕದಾದ ದಿಂಬಿನ ಕವರಿಗೆ ದೊಡ್ಡ ದಿಂಬು ತುರುಕಿದ ಹಾಗೆ. ದಾವಣಗೆರೆಯವನು ಹಿಂದಿನಿಂದ ಜಿಪ್ ಎಳೆಯುವಾಗ, "ಸ್ವಲ್ಪ ಬೆಣ್ಣೆ ದೋಸೆ ಕಮ್ಮಿ ಮಾಡಲೇ" ಅಂದ. ಬೆಣ್ಣೆ ದೋಸೆ ಊರಿನವನು ನನಗೆ ಹೇಳುತ್ತಿದ್ದಾನೆ!

ಗೈಡ್ ನನ್ನ ಸೊಂಟಕ್ಕೆ ಹತ್ತು ಕೇಜಿ ಸೀಸ ಕಟ್ಟಿದರು. ಪುದುಚೇರಿಯಲ್ಲಿ ಕಟ್ಟಿದ್ದು ಐದೇ ಕೇಜಿ. ನನ್ನೊಳಗಿನ ಎಂಜಿನಿಯರ್ ಸುಮ್ಮನಿರಲಿಲ್ಲ. ಉಪ್ಪುನೀರಿಗಿಂತ ಸಿಹಿನೀರಿನ ಸಾಂದ್ರತೆ ಶೇ. 2.5ರಷ್ಟು ಕಡಿಮೆ. ಮೈ, ಸಲಕರಣೆ ಎಲ್ಲ ಸೇರಿ 100 ಕೇಜಿ ಅಂದರೂ ಸಿಹಿನೀರಿನಲ್ಲಿ ಎರಡೂವರೆ ಕೇಜಿ ಕಡಿಮೆ ಸೀಸ ಸಾಕು. "ಲೆಕ್ಕ ತಲೆಕೆಳಗಾಗಿದೆಯಲ್ಲ?" ಅಂತ ಕೇಳಿದೆ. "ಲೆಕ್ಕ ಸರಿ. ಸೂಟನ್ನು ಮರೆತಿದ್ದೀಯ" ಅಂದರು. ಸೂಟಿನ ರಬ್ಬರಿನೊಳಗೆ ಲಕ್ಷಾಂತರ ಗಾಳಿ ಗುಳ್ಳೆಗಳಿರುತ್ತವೆ. ದಪ್ಪ ಹೆಚ್ಚಿದಷ್ಟೂ ತೇಲುತ್ತದೆ. ಸಿಹಿನೀರು ಉಳಿಸಿದ್ದನ್ನೆಲ್ಲ ಸೂಟು ತಿಂದು ಮೇಲೆ ಸಾಲ ಮಾಡಿತ್ತು.

ಮೊಣಕಾಲುದ್ದ ನೀರಿಗೆ ಬಂದೆ. ಆಕೆ ಕೇಳಿದರು. ನಾನು ಹೂಂ ಅನ್ನಲಿಲ್ಲ, ಉಹೂಂ ಕೂಡ ಅನ್ನಲಿಲ್ಲ. ರೆಗ್ಯುಲೇಟರ್ ಬಾಯಿಗಿಟ್ಟುಕೊಂಡೆ.

ಮೊದಲು ತಟ್ಟಿದ್ದು ಚಳಿ. ಸೂಟಿನ ಬೆನ್ನಿನ ಜಿಪ್ಪಿನಿಂದ ಸಣ್ಣ ಗೆರೆಯಂತೆ ನೀರು ಇಳಿದು ಬೆನ್ನುಹುರಿಗುಂಟ ಹರಿಯಿತು. ಕೆನ್ನೆ ಮರಗಟ್ಟಿತು. ಹಣೆ ಐಸ್‌ಕ್ರೀಮ್ ಗಬಕ್ಕನೆ ನುಂಗಿದಾಗ ಆಗುತ್ತಲ್ಲ, ಹಾಗೆ ನೋಯಿತು. ಉಸಿರು ಮೇಲೆ ಮೇಲೆ ಬರತೊಡಗಿತು. ಗೈಡ್ ನನ್ನ ಮುಂದೆ ಅಂಗೈ ಚಾಚಿ ನಿಧಾನಕ್ಕೆ ಕೆಳಗೆ, ಮತ್ತೆ ಮೇಲೆ ಮಾಡಿದರು. ಅವರ ಕೈ ಇಳಿದಾಗ ಉಸಿರು ಬಿಟ್ಟೆ, ಏರಿದಾಗ ಎಳೆದುಕೊಂಡೆ. ಎರಡು ನಿಮಿಷದಲ್ಲಿ ಒಂದು ಲಯಕ್ಕೆ ಬಂತು.

ಮೇಲಿನ ಕಟ್ಟೆಯ ಮೇಲೆ ಮಂಡಿಯೂರಿ ಕೂತಾಗ ಮೊದಲ ಸಲ ಸುತ್ತ ನೋಡಿದೆ. ಹಸಿರು ಗಾಜಿನ ಬಾಟಲಿಯೊಳಗಿನಿಂದ ನೋಡಿದ ಹಾಗಿತ್ತು. ಆರೇಳು ಮೀಟರ್ ದೂರದವರೆಗೆ ಸ್ಪಷ್ಟ, ಆಮೇಲೆ ಮಸುಕು. ಮೈಮೇಲೆ ಪಟ್ಟೆ, ಕೆಂಪು ರೆಕ್ಕೆ ಇರೋ ಪರ್ಚ್ ಮೀನುಗಳ ಗುಂಪು ನಮ್ಮನ್ನೇ ಹಿಂಬಾಲಿಸಿತು. ನಾವು ಕೆಸರು ಎಬ್ಬಿಸಿದರೆ ಅವಕ್ಕೆ ಊಟ. ಗಿಡದ ನಡುವೆ ಕದಲದೆ ನಿಂತಿದ್ದ ಒಂದು ಪೈಕ್ ಕಾಣಿಸಿತು. ಬಾತುಕೋಳಿ ಕೊಕ್ಕಿನಂಥ ಮೂತಿ, ಕೋಲಿನಂಥ ಮೈ. ಕಾಕ್‌ಪಿಟ್ಟಿನೊಳಗೆ ಹಾಸನದವನು ಕೈ ಕಟ್ಟಿಕೊಂಡು ಪೈಲಟ್ ಥರ ಪೋಸು ಕೊಟ್ಟ.

ಕಂಪ್ಯೂಟರ್ ನೋಡಿದರೆ 28 ನಿಮಿಷ ಕಳೆದಿತ್ತು. ನೀರು 14 ಡಿಗ್ರಿ. ನಾನು ಕ್ವಾರಿಯ ನೀರಿನೊಳಗಿದ್ದೆ.

ಅವತ್ತು ರಾತ್ರಿ ಹೋಟೆಲಿನಲ್ಲಿ ಇಬ್ಬರೂ ಕೇಳಿದರು, "ಯಾಕೋ ಸುಮ್ಮನಿದ್ದೀಯ?" ಸುಸ್ತು ಅಂದೆ.

ಭಾನುವಾರ: ಬಿಳಿ ಗುಳ್ಳೆ

ಭಾನುವಾರ ಸ್ಟೇನ್‌ಗಾರ್ತ್ ನೋಡೋದು ಅಂತ ತೀರ್ಮಾನ. ದೋಣಿ ಕೂತಿರೋ ನೆಲ ನಮ್ಮ ಕಾರ್ಡಿನ ಮಿತಿಗಿಂತ ಕೆಳಗೆ. ಆದರೆ ಮೇಲಿನಿಂದ ಇಡೀ ದೋಣಿ ನೋಡಬಹುದು. "ಹದಿನೇಳು ಮೀಟರ್, ಅದಕ್ಕಿಂತ ಒಂದು ಇಂಚೂ ಕೆಳಗಿಲ್ಲ" ಅಂದರು ಗೈಡ್. ಅವರ ಜತೆಗಾರ ದಾವಣಗೆರೆ, ನನ್ನ ಜತೆಗಾರ ಹಾಸನ.

ಆಳಕ್ಕೆ ಇಳಿಯುವ ಮುನ್ನ ಎರಡು ವಿಷಯ ಮನದಟ್ಟು ಮಾಡಿದರು. ಒಂದು ಗಾಳಿಯ ಲೆಕ್ಕ. ಪ್ರತಿ ಹತ್ತು ಮೀಟರಿಗೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 17 ಮೀಟರಿನಲ್ಲಿ ಪ್ರತಿ ಉಸಿರಿಗೂ ಮೇಲಿಗಿಂತ ಎರಡೂಮುಕ್ಕಾಲು ಪಟ್ಟು ಗಾಳಿ ಖರ್ಚು. ಗಾಬರಿಯಾದರೆ ಇನ್ನೂ ಹೆಚ್ಚು. ಎರಡನೆಯದು ಚಳಿಯ ಪದರ. ಬಿಸಿಲು ಮೇಲಿನ ನೀರನ್ನಷ್ಟೇ ಕಾಯಿಸುತ್ತದೆ. ಕಾದ ನೀರು ಹಗುರ, ಮೇಲೇ ಉಳಿಯುತ್ತದೆ. ತಣ್ಣೀರು ಭಾರ, ಕೆಳಗೇ ಇರುತ್ತದೆ. ಕ್ವಾರಿಯ ಗೋಡೆಗಳು ಗಾಳಿಯನ್ನು ತಡೆಯುವುದರಿಂದ ಎರಡೂ ಕಲೆಯುವುದು ಕಡಿಮೆ. ಹೀಗಾಗಿ ಒಂದು ಆಳದಲ್ಲಿ ಗೆರೆ ಎಳೆದ ಹಾಗೆ ತಾಪಮಾನ ಕುಸಿಯುತ್ತದೆ.

ಆ ಗೆರೆಯನ್ನು ದಾಟಿದ್ದು ನನಗೆ ಚೆನ್ನಾಗಿ ನೆನಪಿದೆ. ಒಂದೇ ಕ್ಷಣದಲ್ಲಿ ಯಾರೋ ಫ್ರಿಜ್ ಬಾಗಿಲು ತೆರೆದಂತಾಯಿತು. ಕಂಪ್ಯೂಟರ್ 8 ತೋರಿಸಿತು. ಬೆಳಕು ಇಳಿಯಿತು, ಆದರೆ ನೀರು ಇನ್ನೂ ತಿಳಿಯಾಯಿತು. ಕೆಳಗಿನಿಂದ ನಿಧಾನವಾಗಿ ದೋಣಿಯ ಆಕಾರ ಮೂಡಿತು. ಮೂತಿ, ಡೆಕ್ಕು, ಕಬ್ಬಿಣದ ಕಂಬಿ. ಸುತ್ತ ಏನೂ ಸದ್ದಿಲ್ಲ, ನಮ್ಮ ಗುಳ್ಳೆಗಳದ್ದು ಬಿಟ್ಟರೆ.

ನನಗೆ ಆಗ ಹೆದರಿಕೆ ಆಗಲಿಲ್ಲ. ಅಣ್ಣ ಕೊನೆಗೆ ನೋಡಿದ್ದು ಇಂಥದ್ದೇ ಹಸಿರನ್ನು ಅಂತ ಮಾತ್ರ ಅನ್ನಿಸಿತು.

ಅಷ್ಟರಲ್ಲಿ ಬಲಗಡೆಯಿಂದ ಪ್ರೆಷರ್ ಕುಕ್ಕರ್ ಒಡೆದ ಹಾಗೆ ಭುಸ್ಸೆಂದು ಸದ್ದು. ತಿರುಗಿ ನೋಡಿದರೆ ಹಾಸನದವನ ಮುಖವೇ ಇಲ್ಲ. ಬಿಳಿ ಗುಳ್ಳೆಗಳ ದೊಡ್ಡ ಮೋಡ. ಆ ಮೋಡದೊಳಗಿಂದ ಒಂದು ಕೈ ಮೇಲೆದ್ದಿತ್ತು. ಕೋರ್ಸಿನಲ್ಲಿ ಕಲಿತ ಯಾವ ಸನ್ನೆಯೂ ಅಲ್ಲ. ಬರೀ ಎತ್ತಿದ ಕೈ.

ಮುಂದಿನದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಎರಡು ಸಲ ಕಾಲು ಬಡಿದು ಅವನ ಹತ್ತಿರ ಹೋದೆ. ನನ್ನ ಎದೆಯ ಮೇಲೆ ಸಿಕ್ಕಿಸಿದ್ದ ಹಳದಿ ಆಕ್ಟೋಪಸ್, ಅಂದರೆ ಜತೆಗಾರನಿಗೆಂದೇ ಇರುವ ಎರಡನೇ ರೆಗ್ಯುಲೇಟರ್ ಕಿತ್ತು ಅವನ ಬಾಯಿಗೆ ಹಿಡಿದೆ. ಅವನು ತನ್ನದನ್ನು ಉಗುಳಿ ಅದನ್ನು ಕಚ್ಚಿಕೊಂಡ. ಅವನ ಭುಜದ ಪಟ್ಟಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದೆ. ಗುಳ್ಳೆಗಳ ನಡುವೆ ಅವನ ಕಣ್ಣು ಕಂಡವು. ಅಷ್ಟು ದೊಡ್ಡ ಕಣ್ಣು ನಾನು ಅವನ ಸೆಮಿಸ್ಟರ್ ರಿಸಲ್ಟಿನ ದಿನವೂ ನೋಡಿರಲಿಲ್ಲ. ಹಿಂದಿನ ದಿನ ಗೈಡ್ ಮಾಡಿದ ಹಾಗೆ ಅಂಗೈ ಚಾಚಿ ನಿಧಾನಕ್ಕೆ ಇಳಿಸಿದೆ, ಏರಿಸಿದೆ. ಅವನು ನನ್ನ ಕೈ ನೋಡಿ ಉಸಿರಾಡಿದ.

ಅಷ್ಟರಲ್ಲಿ ಗೈಡ್ ಹಿಂದಿನಿಂದ ಬಂದು ಅವನ ಸಿಲಿಂಡರಿನ ಕೊಳಾಯಿ ಮುಚ್ಚಿದರು. ಭುಸುಗುಟ್ಟೋದು ನಿಂತಿತು. ಎಲ್ಲರೂ ಹೆಬ್ಬೆರಳು ಮೇಲೆ ಮಾಡಿದೆವು. ಡೈವಿಂಗಿನಲ್ಲಿ ಅದರ ಅರ್ಥ 'ಸೂಪರ್' ಅಲ್ಲ, 'ಮೇಲೆ ಹೋಗೋಣ'.

ಓಡಿ ಮೇಲೆ ಬರುವ ಹಾಗಿಲ್ಲ. ಬೇಗ ಏರಿದರೆ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ, ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಿ ಏಳಬಹುದು. ನಿಮಿಷಕ್ಕೆ ಒಂಬತ್ತು ಮೀಟರ್ ಮೀರಬಾರದು. ಐದು ಮೀಟರಿನಲ್ಲಿ ನನ್ನ ಗೇಜಿನಲ್ಲಿ 90 ಬಾರ್ ಇತ್ತು, ಇಬ್ಬರಿಗೂ ಸಾಕು. ಗೈಡ್ ಮೂರು ಬೆರಳು ತೋರಿಸಿದರು. ಮೂರು ನಿಮಿಷ ಅಲ್ಲೇ ತೇಲುತ್ತಾ ನಿಂತೆವು, ಒಂದೇ ಸಿಲಿಂಡರಿನಿಂದ ಇಬ್ಬರು. ನನ್ನ ಬದುಕಿನಲ್ಲಿ ಇದಕ್ಕಿಂತ ಉದ್ದದ ಮೂರು ನಿಮಿಷ ಒಂದೇ ಒಂದು ಇದೆ.

ಮೇಲೆ ಬಂದ ಮೇಲೆ ಹಾಸನದವನ ಜಾಕೆಟ್ಟಿಗೆ ಗಾಳಿ ತುಂಬಲು ಅವನ ಸಿಲಿಂಡರ್ ಮುಚ್ಚಿತ್ತು. ಬಾಯಿಂದಲೇ ಊದಿದೆವು. ಆಮೇಲೆ ಅವನು ದಡದಲ್ಲಿ ನಿಂತವರ ಕಡೆ ತಿರುಗಿ ಅಂಗೈಯನ್ನು ತಲೆಯ ಮೇಲಿಟ್ಟ. ನಾನು ಸರಿ ಇದ್ದೇನೆ.

ಆದದ್ದೇನು ಅಂತ ಗೈಡ್ ಟೀ ಕುಡಿಯುತ್ತಾ ವಿವರಿಸಿದರು. ಸಿಲಿಂಡರಿನ ಭಾರೀ ಒತ್ತಡದ ಗಾಳಿ ರೆಗ್ಯುಲೇಟರಿನೊಳಗೆ ಹಿಗ್ಗುವಾಗ ವಿಪರೀತ ತಣ್ಣಗಾಗುತ್ತದೆ. ಸುತ್ತಲ ನೀರೇ ಹತ್ತು ಡಿಗ್ರಿಗಿಂತ ಕೆಳಗಿದ್ದರೆ ಅಲ್ಲಿ ಮಂಜುಗಡ್ಡೆ ಕಟ್ಟಿ ಕವಾಟ ತೆರೆದೇ ಉಳಿಯಬಹುದು. ಇದಕ್ಕೆ ಫ್ರೀ ಫ್ಲೋ ಅಂತಾರೆ. ತುಂಬಿದ ಸಿಲಿಂಡರ್ ಕೂಡ ಕೆಲವೇ ನಿಮಿಷದಲ್ಲಿ ಖಾಲಿ. ಹಾಸನದವನು ದೋಣಿ ಕಂಡ ಖುಷಿಯಲ್ಲಿ ಜೋರಾಗಿ ಉಸಿರೆಳೆಯುತ್ತಾ ಅದೇ ಹೊತ್ತಿಗೆ ಜಾಕೆಟ್ಟಿಗೆ ಗಾಳಿ ತುಂಬುವ ಗುಂಡಿಯನ್ನೂ ಒತ್ತಿ ಹಿಡಿದಿದ್ದ. ಎರಡೂ ಕಡೆ ಗಾಳಿ ಒಮ್ಮೆಲೇ ಹರಿದು ಚಳಿ ಹೆಚ್ಚಿತು. "ಒಂದು ಸಲ ಒಂದೇ ಕೆಲಸ, ಸ್ವಲ್ಪ ಸ್ವಲ್ಪ ಒತ್ತಬೇಕು" ಅಂದರು. ಆಮೇಲೆ ನನ್ನ ಕಡೆ ನೋಡಿ, "ಚೆನ್ನಾಗಿ ಮಾಡಿದೆ, ಮಿ ಡಕ್" ಅಂದು ಎದ್ದು ಹೋದರು.

ಹಾಸನದವನ ಕೈಯಲ್ಲಿದ್ದ ಟೀ ಕಪ್ಪು ಇನ್ನೂ ನಡುಗುತ್ತಿತ್ತು. "ಮಗಾ, ಚಳಿಗೆ ಕಣೋ" ಅಂದ. ನಾವಿಬ್ಬರೂ ಹೌದು ಹೌದು ಅಂದೆವು.

ಹೇಳಿದ ಮಾತು

ಮಧ್ಯಾಹ್ನ ಲೆಸ್ಟರ್‌ಗೆ ಹೋದೆವು. ಅಲ್ಲಿಯ ಬೆಲ್‌ಗ್ರೇವ್ ರಸ್ತೆಗೆ ಗೋಲ್ಡನ್ ಮೈಲ್ ಅಂತ ಹೆಸರು. ಸೀರೆ ಅಂಗಡಿ, ಚಿನ್ನದಂಗಡಿ, ಗುಜರಾತಿ ಊಟ. ಪಾವ್ ಭಾಜಿ ತಿನ್ನುತ್ತಾ ನಾನು ಅಣ್ಣನ ವಿಷಯ ಹೇಳಿದೆ. ಬಟ್ಟೆ ಕಾಯುತ್ತಿದ್ದದ್ದು, ಕೈ ಎತ್ತಿದ್ದು, ನಾನು ನಕ್ಕಿದ್ದು. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ದಾವಣಗೆರೆಯವನು ಫೋನ್ ಉಲ್ಟಾ ಮಾಡಿಟ್ಟ. ಹಾಸನದವನು ಸ್ವಲ್ಪ ಹೊತ್ತು ತಟ್ಟೆ ನೋಡುತ್ತಿದ್ದು, "ನಿಂಗೆ ಆಗ ಹನ್ನೆರಡು ವರ್ಷ ಕಣೋ" ಅಂದ. "ಈಜೂ ಬರ್ತಿರಲಿಲ್ಲ." ಗೊತ್ತು ಅಂದೆ. ಗೊತ್ತಿರೋದು ಬೇರೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ರಜೆಗೆ ಊರಿಗೆ ಹೋಗುತ್ತೀರಿ. ಊರ ಹೊರಗೆ ಅಂಥದ್ದೊಂದು ಹೊಂಡ ಇರುತ್ತದೆ. ಕೆರೆಗೆ ಇಳಿಜಾರಿನ ದಂಡೆ ಇರುತ್ತದೆ, ಕ್ವಾರಿಗೆ ಇರುವುದಿಲ್ಲ. ಒಂದು ಹೆಜ್ಜೆ ಆಚೆ ನೇರ ಆಳ. ಸುಸ್ತಾದರೆ ಕಾಲೂರಲು ನೆಲವಿಲ್ಲ, ಹಿಡಿದು ಹತ್ತಲು ಗೋಡೆಯಲ್ಲಿ ಅಂಚಿಲ್ಲ. ಮೇಲಿನ ನೀರು ಬೆಚ್ಚಗಿದ್ದರೂ ಕೆಳಗೆ ತಣ್ಣಗಿರುತ್ತದೆ. ಒಳಗೆ ಯಾವ ಕಲ್ಲು, ಯಾವ ಕಬ್ಬಿಣ ಬಿದ್ದಿದೆಯೋ ಮೇಲಿನಿಂದ ಕಾಣುವುದಿಲ್ಲ. ಸ್ಟೋನಿ ಕೋವ್ ಕೂಡ ಅಂಥದ್ದೇ ಹೊಂಡ. ಅಲ್ಲಿ ಕಾರ್ಡು ನೋಡುತ್ತಾರೆ, ಜತೆಗಾರನಿಲ್ಲದೆ ಇಳಿಯುವುದಿಲ್ಲ, ದಡದಲ್ಲಿ ನೋಡುವವರಿರುತ್ತಾರೆ. ವ್ಯತ್ಯಾಸ ಅಷ್ಟೇ, ಆದರೆ ಅದೇ ಎಲ್ಲ.

ಮುಳುಗುವವರು ಸಿನಿಮಾದಲ್ಲಿ ತೋರಿಸಿದ ಹಾಗೆ ಕೂಗುವುದು ಕಡಿಮೆ. ಉಸಿರಿಗೇ ಬಾಯಿ ಸಾಲದಿದ್ದಾಗ ಕೂಗಲು ಎಲ್ಲಿಂದ ಬರಬೇಕು? ನೀರಿನಲ್ಲಿ ಕೈ ಎತ್ತಿದವರನ್ನು ಕಂಡರೆ ಆಟ ಅಂದುಕೊಳ್ಳಬೇಡಿ. ಈಜು ಬಂದರೂ ಹಿಂದೆಯೇ ಹಾರಬೇಡಿ. ಹಗ್ಗ, ಸೀರೆ, ಉದ್ದದ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನು, ಯಾವುದು ಸಿಗುತ್ತೋ ಅದನ್ನು ಅವರತ್ತ ಎಸೆಯಿರಿ. ಜನ ಕೂಗಿ, 112ಕ್ಕೆ ಫೋನ್ ಮಾಡಿ.

ಊಟ ಮುಗಿಸಿ ಕಾರ್ ಪಾರ್ಕಿನಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಒಂಬತ್ತೂವರೆ. ಮೊದಲು ಕ್ವಾರಿಗೆ ಇಳಿದದ್ದು ಹೇಳಿದೆ. ಬೈಸಿಕೊಂಡೆ. ಆಮೇಲೆ ಕೈ ಎತ್ತಿದ್ದು ಹೇಳಿದೆ.

ತುಂಬಾ ಹೊತ್ತು ಅಮ್ಮ ಮಾತಾಡಲಿಲ್ಲ. ಹಿಂದೆ ಟಿವಿ ಸದ್ದು ಕೇಳುತ್ತಿತ್ತು, ಅದನ್ನು ಯಾರೋ ಆರಿಸಿದರು.

"ಚಿಕ್ಕಮ್ಮಂಗೆ ನೀನೇ ಹೇಳಪ್ಪಾ" ಅಂದರು ಅಮ್ಮ. "ಫೋನಲ್ಲಿ ಬೇಡ. ಊರಿಗೆ ಬಂದಾಗ, ಅವಳ ಪಕ್ಕ ಕೂತ್ಕೊಂಡು ಹೇಳು."

ಡಿಸೆಂಬರಿಗೆ ಟಿಕೆಟ್ ಬುಕ್ ಮಾಡಿದ್ದೇನೆ.